ಹದಿನಾಲ್ಕನೆಯ ದೂರು

ಕಾದಂಬರಿಕಾರರ ಟಪಾಲು ಪೆಟ್ಟಿಗೆಯ ಬೀಗ ಒಂದು ಕೈಗೆ ಬಗ್ಗುವಂಥದ್ದಲ್ಲ. ಒಂದು ಕೈಯಲ್ಲಿ ಪೆಟ್ಟಿಗೆಯ ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಕೀಲಿ ತಿರುಗಿಸಬೇಕು. ಗುರುವಾರ ಬೆಳಗ್ಗೆ ಏಳೂವರೆಗೆ ಹಾಗೆ ಮಾಡುವುದಕ್ಕೋಸ್ಕರ ಅವರು ಕಂಕುಳಲ್ಲಿದ್ದ ಉದ್ದನೆಯ ನೋಟುಪುಸ್ತಕವನ್ನು ಪಕ್ಕದ ಕಟ್ಟೆಯ ಮೇಲಿಟ್ಟರು. ಪೆಟ್ಟಿಗೆಯೊಳಗೆ ಸಿಕ್ಕಿದ್ದು ಹಲ್ಲುಪುಡಿಯ ಜಾಹೀರಾತು ಒಂದೇ. ಕೈಗೆ ಸಿಕ್ಕಿದ್ದನ್ನು ಕೊನೆಯ ಸಾಲಿನವರೆಗೆ ಓದುವುದು ಅವರ ಕಸುಬಿನ ಕೆಟ್ಟ ಚಾಳಿ. ಓದುತ್ತ ಮೆಟ್ಟಿಲು ಹತ್ತಿ ಎರಡನೇ ಮಹಡಿಯ ಮನೆಗೆ ಹೋದರು. ಪುಸ್ತಕ ಕಟ್ಟೆಯ ಮೇಲೆಯೇ ಉಳಿಯಿತು.

ಅವರು ನಾಲ್ಕು ಕಾದಂಬರಿ ಬರೆದಿದ್ದರು. ನಾಲ್ಕನ್ನೂ ಓದಿದವರು ಅವರ ಹೆಂಡತಿ ಮತ್ತು ಕರಡು ತಿದ್ದಿದಾತ, ಇಬ್ಬರೇ. ಅದರಲ್ಲೂ ಹೆಂಡತಿ ಮೂರನೆಯದರ ನಡುವೆ ನಿದ್ದೆ ಹೋಗಿದ್ದರು. ಜನ ಅವರನ್ನು ಬರಹಗಾರರೆಂದು ಗುರುತಿಸುತ್ತಿದ್ದದ್ದು ಪತ್ರಿಕೆಯ ಭಾನುವಾರದ ಅಂಕಣದಿಂದ. ದಿನದಿನದ ಬದುಕಿನಲ್ಲಿ ಜನ ಮಾಡುವ ವಿಚಿತ್ರಗಳ ಮೇಲೆ ಅವರು ಹನ್ನೊಂದು ವರ್ಷದಿಂದ ಬರೆಯುತ್ತಿದ್ದರು. ಕಳೆದ ಮೂರು ತಿಂಗಳಿಂದ ಮಾತ್ರ ಅಂಕಣ ಸಪ್ಪೆಯಾಗಿತ್ತು. ಛತ್ರಿ ಮರೆತು ಬರುವುದರ ಬಗ್ಗೆ ಎರಡು ಸಲ ಬರೆದಿದ್ದರು. ಎರಡನೆಯ ಸಲ ಬರೆದಾಗ, ಮೊದಲೊಂದು ಸಲ ಬರೆದದ್ದು ಅವರಿಗೇ ನೆನಪಿರಲಿಲ್ಲ.

ಹಿಂದಿನ ವಾರ ಸಂಪಾದಕರು ಫೋನ್ ಮಾಡಿದ್ದರು.

“ಸಾರ್, ಗುರುವಾರ ನಾಲ್ಕು ಗಂಟೆಗೆ ಕೊಡಿ. ಈ ಸಲ ಸ್ವಲ್ಪ ಜೀವ ಇರೋದು ಕೊಡಿ. ಇಲ್ಲಾಂದ್ರೆ ಆ ಜಾಗಕ್ಕೆ ಪದಬಂಧ ಹಾಕ್ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ, ಪದಬಂಧ ಯಾವತ್ತೂ ಸಪ್ಪೆ ಆಗಲ್ಲ.”

ಕಾದಂಬರಿಕಾರರಿಗೆ ಹೆದರಿಕೆಯಾಯಿತು. ಅಂಕಣ ಹೋದರೆ ತಾನು ಹಗಲೆಲ್ಲ ಮನೆಯಲ್ಲಿರುವ ಒಬ್ಬ ಗಂಡಸು, ಅಷ್ಟೆ. ಹೆಂಡತಿಯ ಕಡೆಯವರು ಇದನ್ನು ಮೊದಲಿನಿಂದಲೂ ಹೇಳುತ್ತಿದ್ದರು. ಆದ್ದರಿಂದ ಒಂದು ವಾರ ಪೂರ್ತಿ ಅವರು ನೋಟುಪುಸ್ತಕ ಹಿಡಿದು ಕಟ್ಟಡದ ಮೆಟ್ಟಿಲುಗಳ ಮೇಲೆ ಹತ್ತಿ ಇಳಿದು, ಕಂಡದ್ದನ್ನೆಲ್ಲ ಸಂಖ್ಯೆ ಹಾಕಿ ಬರೆದಿಟ್ಟಿದ್ದರು. ಯಾರ ಹೆಸರನ್ನೂ ಬರೆದಿರಲಿಲ್ಲ. ಮೂರನೇ ಮಹಡಿಯವರು, ನಾಲ್ಕನೇ ಮಹಡಿಯವರು ಎಂದಷ್ಟೇ. ಬಹಳ ದಿನಗಳ ಮೇಲೆ ಕೈ ಓಡಿತ್ತು. ಇನ್ನು ಕೂತು ಜೋಡಿಸುವುದೊಂದೇ ಬಾಕಿ.

ಗುರುವಾರ ಎಂಟಕ್ಕೆ ಮೇಜಿನ ಮುಂದೆ ಕೂತರು. ಹತ್ತೂವರೆಗೆ ಪುಸ್ತಕ ಬೇಕೆನ್ನಿಸಿ ಕೈ ಚಾಚಿದರು. ಪುಸ್ತಕ ಇರಲಿಲ್ಲ.

ಗಂಡಹೆಂಡತಿ ಸೇರಿ ಹಾಸಿಗೆಯನ್ನು ಮಗುಚಿದರು, ಕಪಾಟಿನ ಹಿಂದೆ ಕೈ ಹಾಕಿದರು. “ರೀ, ಕೊನೇ ಸಲ ಎಲ್ಲಿ ನೋಡಿದ್ರಿ?” ಎಂದು ಹೆಂಡತಿ ಕೇಳಿದರು. ಅದು ಗೊತ್ತಿದ್ದರೆ ಹುಡುಕುವುದೇಕೆ ಎಂದು ಕಾದಂಬರಿಕಾರರು ರೇಗಿದರು. ರೇಗಿದ ಮೇಲೆ ಟಪಾಲು ಪೆಟ್ಟಿಗೆ ನೆನಪಾಯಿತು. ಚಪ್ಪಲಿಯನ್ನೂ ಮೆಟ್ಟದೆ ಕೆಳಗೆ ಓಡಿದರು.

ಕಟ್ಟೆ ಖಾಲಿ. ವಾಚ್‌ಮನ್ ತನ್ನ ಸ್ಟೂಲಿನ ಮೇಲೆ ಕೂತು ಒಂದು ಕಟ್ಟು ಚೀಟಿಗಳ ಮೇಲೆ ಸಹಿ ಮಾಡುತ್ತಿದ್ದ. ಅವನು ಸಹಿ ಮಾಡುವುದನ್ನು ಕಾದಂಬರಿಕಾರರು ಎಂದೂ ನೋಡಿರಲಿಲ್ಲ.

“ಇಲ್ಲೊಂದು ಪುಸ್ತಕ ಇತ್ತಲ್ಲಪ್ಪಾ?”

“ಇತ್ತು ಸಾರ್, ದೂರು ಪುಸ್ತಕ. ಹಳೇದು ಮೊನ್ನೆನೇ ತುಂಬಿಹೋಗಿತ್ತು. ಹೊಸದು ಯಾರಾದ್ರೂ ತಂದಿಡಿ ಅಂತ ಎಲ್ಲರಿಗೂ ಹೇಳಿದ್ರು ಸೆಕ್ರೆಟರಿ ಸಾಹೇಬ್ರು. ಬೆಳಗ್ಗೆ ನೋಡಿದ್ರೆ ಕಟ್ಟೆ ಮೇಲಿದೆ. ನಾನೇ ತೂತು ಹೊಡೆದು ದಾರ ಪೋಣಿಸ್ದೆ. ಮೊಳೆಗೆ ನೇತುಹಾಕೋಣ ಅಂತ ತೆಗೆದು ನೋಡ್ತೀನಿ, ಆಗ್ಲೇ ಹದಿನಾಲ್ಕು ದೂರು! ಜನಕ್ಕೆ ಎಷ್ಟು ಅವಸರ ನೋಡಿ ಸಾರ್. ಸಾಹೇಬ್ರಿಗೆ ತೋರಿಸ್ದೆ, ಕಣ್ಣಲ್ಲಿ ನೀರೇ ಬಂತು.”

“ನೀರು ಯಾಕೆ?”

“ಹೀಗೆ ಅಚ್ಚುಕಟ್ಟಾಗಿ ನಂಬರ್ ಹಾಕಿ ದೂರು ಬರೆದಿರೋದು ಈ ಕಟ್ಟಡದಲ್ಲಿ ಇದೇ ಮೊದಲಂತೆ.”

‘ಅಯ್ಯೋ, ಅದು ನನ್ನ ಪುಸ್ತಕ’ ಎಂಬ ಮಾತು ಕಾದಂಬರಿಕಾರರ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಯಾಕೆ ನಿಂತಿತೆಂದರೆ, ಆ ಕಟ್ಟಡದ ಪದ್ಧತಿಯೇ ಹಾಗೆ. ಅಲ್ಲಿ ಯಾರೂ ಯಾರನ್ನೂ ಎದುರಿಗೆ ದೂರುವುದಿಲ್ಲ. ಮೆಟ್ಟಿಲ ಮೇಲೆ ಸಿಕ್ಕರೆ ನಕ್ಕು, ಕ್ಷೇಮ ವಿಚಾರಿಸಿ, ದಾರಿ ಬಿಟ್ಟುಕೊಡುತ್ತಾರೆ. ಆಮೇಲೆ ಕೆಳಗಿಳಿದು ಹೋಗಿ ದೂರು ಪುಸ್ತಕದಲ್ಲಿ ಬರೆಯುತ್ತಾರೆ. ಹೆಸರು ಹಾಕುವುದಿಲ್ಲ, ಸಹಿ ಹಾಕುವುದಿಲ್ಲ. ‘ಮೂರನೇ ಮಹಡಿಯವರು’ ಎಂದು ಬರೆದರೆ ಆಯಿತು. ಬರೆದವರು ಯಾರೆಂದು ಗೊತ್ತಿಲ್ಲದ ಕಾರಣ ಎಲ್ಲರೂ ಎಲ್ಲರೊಂದಿಗೂ ಚೆನ್ನಾಗಿದ್ದರು. ಈಗ ಕಾದಂಬರಿಕಾರರು ಪುಸ್ತಕ ನನ್ನದೆಂದರೆ, ಒಂದೇ ಏಟಿಗೆ ಇಡೀ ಕಟ್ಟಡದ ಮೇಲೆ ಹದಿನಾಲ್ಕು ದೂರು ಬರೆದವನು ನಾನೇ ಎಂದಂತೆ. ಅದರಲ್ಲೊಂದು ನಾಲ್ಕನೇ ಮಹಡಿಯ ದೊಡ್ಡಮ್ಮನ ಮೇಲಿತ್ತು. ಕಾದಂಬರಿಕಾರರು ಇದ್ದದ್ದು ದೊಡ್ಡಮ್ಮನ ಬಾಡಿಗೆ ಮನೆಯಲ್ಲಿ.

“ಪುಸ್ತಕ ಈಗೆಲ್ಲಿ?” ಎಂದು ಅವರು ಆದಷ್ಟು ಉದಾಸೀನವಾಗಿ ಕೇಳಿದರು.

“ಸಾಹೇಬ್ರ ಕೈಲಿ ಸಾರ್. ಎಂಟು ಗಂಟೆಯಿಂದ ಮಹಡಿ ಮಹಡಿ ಹತ್ತಿ ಇತ್ಯರ್ಥ ಮಾಡ್ತಾ ಇದಾರೆ. ನನಗೂ ಹೊಸ ಕೆಲಸ ಹಚ್ಚಿದಾರೆ,” ಎಂದು ವಾಚ್‌ಮನ್ ಚೀಟಿಗಳನ್ನು ತೋರಿಸಿದ. ಪ್ರತಿ ಚೀಟಿಯ ಮೇಲೂ ‘ಬೀಗ ಬಿದ್ದಿದೆ’ ಎಂದು ಬರೆದಿತ್ತು.

ಕಟ್ಟಡದ ಕಾರ್ಯದರ್ಶಿಗಳು ಮೂವತ್ತನಾಲ್ಕು ವರ್ಷ ಯಾವುದೋ ದೊಡ್ಡ ಕಚೇರಿಯಲ್ಲಿ ಕಡತ ನೋಡಿಕೊಂಡಿದ್ದು ನಿವೃತ್ತರಾದವರು. ಅಲ್ಲಿ ಒಂದು ಕಡತವನ್ನೂ ಅವರು ಎರಡು ವರ್ಷದೊಳಗೆ ಮುಗಿಸಿದವರಲ್ಲ. ಅದರ ಪ್ರಾಯಶ್ಚಿತ್ತವೋ ಎಂಬಂತೆ ಇಲ್ಲಿ ಬಂದ ದೂರನ್ನು ಅಂದೇ ಹೊತ್ತು ಮುಳುಗುವುದರೊಳಗೆ ಮುಗಿಸುತ್ತಿದ್ದರು. ಮುಗಿದ ದೂರಿನ ಪಕ್ಕ ಕೆಂಪು ಶಾಯಿಯಲ್ಲಿ ‘ಕ್ರಮ ಕೈಗೊಳ್ಳಲಾಯಿತು. ಇನ್ನು ಮುಂದೆ ಹೀಗಾಗದು’ ಎಂದು ಬರೆಯುತ್ತಿದ್ದರು. ಅಂಥವರ ಕೈಯಿಂದ ಪುಸ್ತಕವನ್ನು ಹೇಗೆ ಬಿಡಿಸಿಕೊಳ್ಳುವುದೆಂದು ಯೋಚಿಸುತ್ತ ಕಾದಂಬರಿಕಾರರು ಮೇಲೆ ಹತ್ತಿದರು.

ಮೊದಲ ಮಹಡಿಯಲ್ಲಿ ಟೈಲರಮ್ಮನ ಬಾಗಿಲು ತೆರೆದಿತ್ತು. ಆಕೆ ಹೊಲಿಗೆ ಯಂತ್ರದ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಗೋಡೆಯುದ್ದಕ್ಕೂ ನೇತಾಡುತ್ತಿದ್ದ ಬಟ್ಟೆಗಳಲ್ಲಿ ಅರ್ಧ ಕಾಣೆಯಾಗಿದ್ದವು.

“ಏನಮ್ಮಾ, ಸೆಕ್ರೆಟರಿಗಳು ಬಂದಿದ್ರಾ?”

“ಬಂದು ನನ್ನ ಬಾಳು ಹಾಳು ಮಾಡಿ ಹೋದ್ರು ಸಾರ್. ಯಾರೋ ದೂರು ಬರೆದಿದಾರಂತೆ. ಟೈಲರಮ್ಮ ‘ನಾಳೆ’ ಅಂದ್ರೆ ಅದು ದಿನ ಅಲ್ವಂತೆ, ಸಮಾಧಾನವಂತೆ. ಇನ್ನು ಮೇಲೆ ಯಾರು ಕೇಳಿದ್ರೂ ಬಟ್ಟೆ ನಿಜವಾಗ್ಲೂ ಯಾವತ್ತು ಸಿಗುತ್ತೋ ಆ ತಾರೀಕೇ ಹೇಳ್ಬೇಕು ಅಂತ ಬರೆಸ್ಕೊಂಡ್ರು.”

“ಹೇಳಿದ್ರಾ?”

“ಹೇಳ್ದೆ. ಬೆಳಗ್ಗಿಂದ ಆರು ಜನಕ್ಕೆ ನಿಜ ಹೇಳ್ದೆ. ಆರೂ ಜನ ಬಟ್ಟೆ ವಾಪಸ್ ಇಸ್ಕೊಂಡು ಮುಂದಿನ ಬೀದಿಗೆ ಹೋದ್ರು. ಅಲ್ಲಿ ಅವನು ನಾಳೆ ಅಂದನಂತೆ. ಇಪ್ಪತ್ತು ವರ್ಷದಿಂದ ನಾಳೆ ನಾಳೆ ಅಂದ್ಕೊಂಡೇ ಊರಿಗೆಲ್ಲ ಹೊಲಿದುಕೊಟ್ಟಿದೀನಿ ಸಾರ್. ಯಾರಾದ್ರೂ ಬೆತ್ತಲೆ ಓಡಾಡಿದ್ರಾ?”

ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾದಂಬರಿಕಾರರಿಗೆ ನಿಜಕ್ಕೂ ಕೆಡುಕೆನಿಸಿತು. ಸಮಾಧಾನ ಎಂಬ ಮಾತು ಹೊಳೆದಾಗ ಅವರು ಮೆಟ್ಟಿಲ ಮೇಲೆ ಒಬ್ಬರೇ ನಕ್ಕಿದ್ದರು. ಈಗ ನಗು ಬರಲಿಲ್ಲ.

“ಬರೆದೋರು ಕೆಟ್ಟ ಮನಸ್ಸಿಂದ ಬರೆದಿರಲಿಕ್ಕಿಲ್ಲಮ್ಮಾ.”

“ಯಾವ ಮನಸ್ಸಿಂದಾನೇ ಬರೀಲಿ. ಅವನು ಯಾರಂತ ಗೊತ್ತಾದ್ರೆ ಅವನ ಬಾಯಿ ಹೊಲೀತೀನಿ. ಅದೂ ಆವತ್ತೇ. ನಾಳೆ ಅನ್ನಲ್ಲ.”

ಕಾದಂಬರಿಕಾರರು ತುಟಿ ಬಿಗಿಹಿಡಿದು ಮೂರನೇ ಮಹಡಿಗೆ ಹೋದರು. ಅಲ್ಲಿ ಲೆಕ್ಕದ ಮೇಷ್ಟ್ರು ತಮ್ಮ ಮನೆಯ ಮುಂದೆ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಚೀಲ, ಕೈಯಲ್ಲಿ ಒಂದು ಚೀಟಿ. ಮೇಷ್ಟ್ರು ಬೀಗ ಹಾಕಿ ಕೆಳಗಿಳಿದು, ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುವವರು. ದಿನಕ್ಕೆ ಮೂರು ಸಲವಾದರೂ ಆಗಲೇಬೇಕು. ‘ಇವರಿಗೆ ನಂಬಿಕೆಯಿಲ್ಲದ್ದು ಬೀಗದ ಮೇಲೋ, ತಮ್ಮ ಕೈ ಮೇಲೋ?’ ಎಂದು ಕಾದಂಬರಿಕಾರರು ಬರೆದಿದ್ದರು.

“ಸ್ಕೂಲಿಗೆ ಹೋಗ್ಲಿಲ್ವಾ ಮೇಷ್ಟ್ರೇ?”

“ಹೇಗೆ ಹೋಗ್ಲಿ?” ಮೇಷ್ಟ್ರು ಚೀಟಿಯನ್ನು ಮುಂದೆ ಹಿಡಿದರು. “ಇನ್ನು ನಾನು ಬೀಗ ಜಗ್ಗೋ ಹಾಗಿಲ್ಲವಂತೆ. ವಾಚ್‌ಮನ್ ಬಂದು ಜಗ್ಗಿ, ಬೀಗ ಬಿದ್ದಿದೆ ಅಂತ ಚೀಟಿ ಕೊಡ್ತಾನೆ, ನಾನು ಚೀಟಿ ಜೇಬಲ್ಲಿಟ್ಕೊಂಡು ಹೋಗ್ಬೇಕು. ಚೀಟಿ ಕೊಟ್ಟ, ಸರಿ. ನಾನು ಗೇಟಿನವರೆಗೂ ಹೋದೆ. ಆಮೇಲೆ ಅನ್ನಿಸ್ತು, ಅವನು ನಿಜವಾಗ್ಲೂ ಜಗ್ಗಿದ್ನಾ ಅಥವಾ ಸುಮ್ನೆ ಸಹಿ ಹಾಕಿದ್ನಾ? ಮೇಲೆ ಬಂದೆ. ಆದ್ರೆ ಜಗ್ಗೋ ಹಾಗಿಲ್ವಲ್ಲ. ಅವನನ್ನ ಕರೆದೆ, ಇನ್ನೊಂದು ಚೀಟಿ ಕೊಟ್ಟ. ಈಗ ಐದು ಚೀಟಿ ಆಗಿದೆ. ಜಗ್ಗಿದ್ರೆ ಒಂಬತ್ತು ಗಂಟೆಗೇ ಸ್ಕೂಲಲ್ಲಿರ್ತಿದ್ದೆ.”

“ಬಿಡಿ ಮೇಷ್ಟ್ರೇ, ನಾನು ನೋಡಿ ಹೇಳ್ತೀನಿ,” ಎಂದು ಕಾದಂಬರಿಕಾರರು ಪಾಪಪ್ರಜ್ಞೆಯಿಂದ ಬೀಗವನ್ನು ಜಗ್ಗಿದರು. “ಬಿದ್ದಿದೆ.”

ಮೇಷ್ಟ್ರು ಅವರ ಮುಖವನ್ನು ಕೊಂಚ ಹೊತ್ತು ಪರೀಕ್ಷಿಸಿದರು. “ನೀವು ಕತೆ ಬರೆಯೋರು,” ಎಂದರು, ಏಳಲಿಲ್ಲ. ಆಮೇಲೆ ಏನೋ ಹೊಳೆದವರಂತೆ ಚೀಲದಿಂದ ಕಾಗದ ತೆಗೆದರು. “ಅಂದಹಾಗೆ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ದೂರು ಬರೆದ ಆಸಾಮಿಯನ್ನ ಪತ್ತೆ ಹಚ್ಚಿ ಎಲ್ಲರ ಮುಂದೆ ನಿಲ್ಲಿಸಬೇಕು ಅಂತ ಸೆಕ್ರೆಟರಿಗೊಂದು ಅರ್ಜಿ. ಖಾರವಾಗಿ ಬರೆದುಕೊಡಿ. ನನ್ನದು ಬರೀ ಅಂಕಿ, ಅಕ್ಷರ ನಿಮ್ಮದು.”

ಅಕ್ಷರ ತನ್ನದೆಂಬುದೇ ಕಾದಂಬರಿಕಾರರ ಕಷ್ಟವಾಗಿತ್ತು. ಈ ಅರ್ಜಿಯೂ ಆ ಪುಸ್ತಕವೂ ಕಾರ್ಯದರ್ಶಿಗಳ ಮೇಜಿನ ಮೇಲೆ ಅಕ್ಕಪಕ್ಕ ಬಿದ್ದರೆ ಅಲ್ಲಿಗೆ ಮುಗಿಯಿತು. ಬಲಗೈ ಉಳುಕಿದೆ ಎಂದು ಹೇಳಿ ಅವರು ಎಡಗೈಯಲ್ಲಿ ಬರೆದರು. ಅಕ್ಷರಗಳು ಒಂದೊಂದೂ ಒಂದೊಂದು ದಿಕ್ಕಿಗೆ ವಾಲಿದವು. ‘ಇಂಥ ಹೇಡಿಯನ್ನು ಸುಮ್ಮನೆ ಬಿಡಬಾರದು’ ಎಂದು ಬರೆದಾಗ ಮೇಷ್ಟ್ರು, “ಹೇಡಿ ಸಾಲದು, ನೀಚ ಅಂತ ಸೇರಿಸಿ,” ಎಂದರು. ಸೇರಿಸಿದರು.

ನಾಲ್ಕನೇ ಮಹಡಿಗೆ ಹೋಗುವಾಗ ಅವರಿಗೆ ಏನೋ ಕೊರತೆ ಕಂಡಿತು. ಕಟ್ಟಡ ನಿಶ್ಶಬ್ದವಾಗಿತ್ತು. ದಿನಾ ಹನ್ನೊಂದರಿಂದ ಹನ್ನೆರಡೂವರೆವರೆಗೆ ದೊಡ್ಡಮ್ಮ ಪರದೇಶದಲ್ಲಿದ್ದ ತಂಗಿಯೊಡನೆ ಫೋನಿನಲ್ಲಿ ಮಾತಾಡುವ ಹೊತ್ತು. ತಂಗಿ ಇದ್ದದ್ದು ಬಹಳ ದೂರ, ಆದ್ದರಿಂದ ದೊಡ್ಡಮ್ಮ ಬಹಳ ಗಟ್ಟಿಯಾಗಿ ಮಾತಾಡುತ್ತಿದ್ದರು. ‘ಇಷ್ಟು ಗಟ್ಟಿ ಮಾತಾಡುವುದಾದರೆ ಫೋನ್ ಏಕೆ?’ ಎಂದು ಕಾದಂಬರಿಕಾರರು ಬರೆದಿದ್ದರು.

ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದರು. ಅವರು ಬಾಯಿ ಆಡಿಸುವುದು ಕಂಡಿತು, ಏನೂ ಕೇಳಿಸಲಿಲ್ಲ. ಕಾದಂಬರಿಕಾರರು ಹತ್ತಿರ ಹೋಗಿ ಕಿವಿ ಒಡ್ಡಿದರು.

“ಪಿಸುಮಾತಲ್ಲೇ ಆಡ್ಬೇಕಂತೆ ಕಣಪ್ಪ,” ಎಂದು ದೊಡ್ಡಮ್ಮ ಪಿಸುಗುಟ್ಟಿದರು. “ಹಾಗೇ ಆಡಿದೆ. ಅವಳು ಆ ಕಡೆಯಿಂದ ‘ಅಕ್ಕಾ, ಯಾಕೇ ನಿನ್ನ ದನಿ ಹೀಗೆ ಬಿದ್ದುಹೋಗಿದೆ?’ ಅಂದ್ಲು. ಏನಿಲ್ವೇ, ಚೆನ್ನಾಗಿದೀನಿ ಅಂತ ಮೆಲ್ಲಗೆ ಅಂದೆ. ಅವಳು ಗೊಳೋ ಅಂತ ಅತ್ತು ಫೋನ್ ಇಟ್ಲು. ಅರ್ಧ ಗಂಟೆ ಬಿಟ್ಟು ಅವಳ ಅಳಿಯ ಫೋನ್ ಮಾಡ್ತಾನೆ, ಟಿಕೆಟ್ ತಗೊಂಡಾಯ್ತಂತೆ. ಶನಿವಾರ ಬರ್ತಾಳೆ.”

“ಒಳ್ಳೇದೇ ಆಯ್ತಲ್ಲ ದೊಡ್ಡಮ್ಮ?”

“ಏನು ಒಳ್ಳೇದು! ನಾವಿಬ್ಬರೂ ಫೋನಲ್ಲಿ ಮಾತ್ರ ಅಕ್ಕತಂಗಿ. ಎದುರೆದುರು ಕೂತ್ರೆ ಎರಡನೇ ದಿನಕ್ಕೆ ಜಗಳ. ಬಂದ್ರೆ ಮೂರು ತಿಂಗಳು ಕದಲಲ್ಲ.” ದೊಡ್ಡಮ್ಮ ಇನ್ನಷ್ಟು ಹತ್ತಿರ ಬಗ್ಗಿದರು. ಪಿಸುಮಾತಿನಲ್ಲಿ ಅವರ ಸಿಟ್ಟು ಮೊದಲಿಗಿಂತ ಭಯಂಕರವಾಗಿತ್ತು. “ಅದನ್ನ ಬರೆದೋನು ಸಿಗ್ಲಿ. ನನ್ನ ಬಾಡಿಗೆ ಮನೇಲಿ ಇರೋರ ಪೈಕಿ ಆಗಿದ್ರೆ ಅವತ್ತೇ ಮನೆ ಖಾಲಿ ಮಾಡಿಸಿ ಅವಳನ್ನ ಅಲ್ಲಿಡ್ತೀನಿ.”

ಕಾದಂಬರಿಕಾರರು ಇನ್ನೊಂದು ಸುತ್ತು ಮೆಟ್ಟಿಲು ಹತ್ತಿದರು. ಅಲ್ಲಿಂದ ಮುಂದೆ ತಾರಸಿ. ಅದರ ಬಾಗಿಲಿನ ಪಕ್ಕ ಕುಸಿದು ಕೂತರು. ಗಂಟೆ ಹನ್ನೆರಡೂವರೆ. ಪುಸ್ತಕ ಕೇಳಿದರೆ ಮನೆ ಹೋಗುತ್ತದೆ, ಕೇಳದಿದ್ದರೆ ಅಂಕಣ ಹೋಗುತ್ತದೆ. ಕೆಳಗೆ ಎಲ್ಲೋ ಕಾರ್ಯದರ್ಶಿಗಳು ಒಬ್ಬರಿಗೆ ಬುದ್ಧಿ ಹೇಳುತ್ತಿದ್ದ ದನಿ ಕೇಳುತ್ತಿತ್ತು. ಅತಿಥಿಗಳನ್ನು ಬೀಳ್ಕೊಡುವಾಗ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತು ಮಾತಾಡುವುದು ಸಲ್ಲದು, ಎರಡು ನಿಮಿಷ ಸಾಕು ಎಂಬುದು ಅದರ ಸಾರ. ಅತಿಥಿಗಳೂ ಅಲ್ಲೇ ಇದ್ದರೆಂದು ತೋರುತ್ತದೆ, ಅವರ ಮುಂದೆಯೇ ಹೇಳುತ್ತಿದ್ದರು.

ಆಗ ಕಾದಂಬರಿಕಾರರು ನಕ್ಕರು. ಬೇಡವೆಂದರೂ ನಗು ಬಂತು. ನಗುತ್ತ ಇದ್ದಹಾಗೆ ಅವರಿಗೆ ಗೊತ್ತಾಯಿತು, ಪುಸ್ತಕ ಯಾಕೆ ಬೇಕು? ಹದಿನಾಲ್ಕು ವಿಚಿತ್ರಗಳಿಗಿಂತ ಅವನ್ನು ಒಂದೇ ದಿನದಲ್ಲಿ ತಿದ್ದಲು ಹೊರಟದ್ದೇ ದೊಡ್ಡ ವಿಚಿತ್ರ. ಜನರ ಅಸಂಬದ್ಧ ಅಭ್ಯಾಸಗಳಿಂದಲೇ ಒಂದು ಕಟ್ಟಡ ನಿಂತಿರುತ್ತದೆ, ಅವನ್ನು ತೆಗೆದರೆ ಮೇಷ್ಟ್ರು ಸ್ಕೂಲಿಗೆ ಹೋಗುವುದಿಲ್ಲ, ಬಟ್ಟೆ ಹೊಲಿದಾಗುವುದಿಲ್ಲ, ಅಕ್ಕತಂಗಿಯರು ಮುಖಾಮುಖಿಯಾಗಿ ಕೂರಬೇಕಾಗುತ್ತದೆ. ಜೇಬಿನಲ್ಲಿ ಪೆನ್ನಿತ್ತು. ಅದರ ಜೊತೆಗೇ ಇದ್ದ ಹಲ್ಲುಪುಡಿಯ ಜಾಹೀರಾತಿನ ಹಿಂಬದಿಯಲ್ಲಿ ಶುರುಮಾಡಿದರು. ಅದು ತುಂಬಿದ ಮೇಲೆ ಮನೆಗೆ ಓಡಿ ಕಾಗದ ತಂದರು. ಊಟಕ್ಕೆ ಕರೆದ ಹೆಂಡತಿಗೆ ಕೈಸನ್ನೆಯಲ್ಲೇ ಬೇಡವೆಂದರು. ಹೆಂಡತಿ ಬಹಳ ವರ್ಷಗಳ ಮೇಲೆ ಅವರನ್ನು ಆ ಸ್ಥಿತಿಯಲ್ಲಿ ಕಂಡು ಬಾಗಿಲು ಮೆಲ್ಲಗೆ ಮುಚ್ಚಿದರು.

ಮೂರಕ್ಕೆ ಮುಗಿಯಿತು. ಹನ್ನೊಂದು ವರ್ಷದಲ್ಲಿ ಇಷ್ಟು ಚೆನ್ನಾಗಿ ಬರೆದಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಎದೆ ತುಂಬಿ ಬಂದಿತ್ತು. ಪತ್ರಿಕೆಯಲ್ಲಿ ಮಹಡಿ ಹೇಳದೆ ಬರೆದರೆ ಯಾರ ಕಟ್ಟಡವೆಂದು ಯಾರಿಗೆ ತಿಳಿದೀತು? ಟೈಲರಮ್ಮನನ್ನು ಮುಂದಿನ ಬೀದಿಗೆ ಕಳಿಸಿ, ದೊಡ್ಡಮ್ಮನನ್ನು ಚಿಕ್ಕಪ್ಪನನ್ನಾಗಿ ಮಾಡಿದ್ದರು. ಲೇಖನವನ್ನು ಮಡಿಸಿಕೊಂಡು ಕೆಳಗಿಳಿದರೆ ಮೆಟ್ಟಿಲಲ್ಲಿ ಕಾರ್ಯದರ್ಶಿಗಳು ಎದುರಾದರು. ಕಂಕುಳಲ್ಲಿ ಅದೇ ಪುಸ್ತಕ. ಬೆಳಗಿನಿಂದ ಹತ್ತಿ ಇಳಿದು ಸೋತಿದ್ದರೂ ಮುಖದಲ್ಲಿ ಕಳೆಯಿತ್ತು.

“ಎಲ್ಲಾ ಮುಗೀತಾ ಸಾರ್?” ಎಂದು ಕಾದಂಬರಿಕಾರರು ಉಲ್ಲಾಸದಿಂದ ಕೇಳಿದರು.

“ಹದಿನಾಲ್ಕೂ ಮುಗೀತು,” ಎಂದು ಕಾರ್ಯದರ್ಶಿಗಳು ಅವರ ಭುಜದ ಮೇಲೆ ಕೈಯಿಟ್ಟರು. “ನನ್ನ ಮೇಲೆ ಬೇಜಾರಿಲ್ಲ ತಾನೆ? ನಿಯಮ ಅಂದ್ರೆ ನಿಯಮ. ಆ ಆಸಾಮಿ ಬರೆದದ್ದನ್ನ ನಾನಂತೂ ನಂಬಿಲ್ಲ.”

ಇದೇನೆಂದು ಕೇಳುವಷ್ಟು ವ್ಯವಧಾನ ಕಾದಂಬರಿಕಾರರಿಗೆ ಇರಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವರು ಪತ್ರಿಕಾ ಕಚೇರಿಯಲ್ಲಿದ್ದರು.

ಸಂಪಾದಕರು ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಗಲಿಲ್ಲ. ಮತ್ತೆ ಎರಡನೇ ಪುಟಕ್ಕೆ ಹೋಗಿ ಒಂದು ಸಾಲಿನ ಕೆಳಗೆ ಬೆರಳಿಟ್ಟರು.

“ಚೆನ್ನಾಗಿದೆ.”

“ಅಲ್ವಾ!”

“ಬೆಳಗ್ಗೆ ಹನ್ನೊಂದೂವರೆಗೆ ಕೇಳಿದಾಗ ಇನ್ನೂ ಚೆನ್ನಾಗಿತ್ತು.”

ಕಾದಂಬರಿಕಾರರಿಗೆ ಅರ್ಥವಾಗಲಿಲ್ಲ.

“ನಿಮ್ಮ ಕಟ್ಟಡದ ಸೆಕ್ರೆಟರಿ ಫೋನ್ ಮಾಡಿದ್ರು ಸಾರ್. ದೂರು ಪುಸ್ತಕದಲ್ಲಿ ನಿಮ್ಮ ಮೇಲೊಂದು ದೂರಿದೆ, ಅದರಲ್ಲಿ ಸಂಪಾದಕರಿಗೆ ಒಂದು ಪ್ರಶ್ನೆ ಇದೆ, ಉತ್ತರ ಬೇಕು ಅಂದ್ರು. ಓದಿ ಅಂದೆ.” ಸಂಪಾದಕರು ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿಕೊಂಡರು. “ಎಷ್ಟು ಇಷ್ಟ ಆಯ್ತು ಅಂದ್ರೆ ಬರ್ಕೊಂಡೆ. ಕ್ಷಮಿಸಿ, ಓದ್ತೀನಿ. ‘ಹದಿನಾಲ್ಕು. ಎರಡನೇ ಮಹಡಿಯಲ್ಲೊಬ್ಬ ಅಂಕಣಕಾರನಿದ್ದಾನೆ. ಬೆಳಗ್ಗೆ ಎಂಟಕ್ಕೆ ಪೆನ್ನಿನ ಮುಚ್ಚಳ ತೆಗೆಯುತ್ತಾನೆ, ಮಧ್ಯಾಹ್ನ ಹನ್ನೆರಡಕ್ಕೆ ಹಾಕುತ್ತಾನೆ. ನಡುವೆ ಏನೂ ನಡೆಯುವುದಿಲ್ಲ. ಹೇಳುವುದಕ್ಕೇನೂ ಇಲ್ಲದೆ ಮೂರು ತಿಂಗಳಾಯಿತು. ಪಾಪ, ಅವನ ಸಂಪಾದಕರಿಗೆ ಇದು ಗೊತ್ತಿಲ್ಲವೆ?’”

ಅದು ಕಾದಂಬರಿಕಾರರದೇ ಸಾಲು. ಬುಧವಾರ ಸಂಜೆ, ಇತರರನ್ನೆಲ್ಲ ಬರೆದು ಮುಗಿಸಿದ ಮೇಲೆ, ತನ್ನನ್ನು ಮಾತ್ರ ಬಿಡುವುದು ನ್ಯಾಯವಲ್ಲವೆಂದು ಅವರು ಅದನ್ನೂ ಬರೆದಿದ್ದರು. ಬರೆದು ಮನಸ್ಸು ಹಗುರವಾಗಿ ಮರೆತುಬಿಟ್ಟಿದ್ದರು.

“ಗೊತ್ತಿರ್ಲಿಲ್ಲ, ಈಗ ಗೊತ್ತಾಯ್ತು ಅಂದೆ. ಅವರು ಕೆಂಪು ಶಾಯೀಲಿ ಬರ್ಕೊಂಡ್ರು. ಆಮೇಲೆ ಉಳಿದ ಹದಿಮೂರನ್ನೂ ಓದಿಸ್ಕೊಂಡೆ. ಏನು ಕಣ್ಣು ಸಾರ್ ಆ ಮನುಷ್ಯನದು! ಅಂಥೋರು ನಿಮ್ಮ ಕಟ್ಟಡದಲ್ಲೇ ಇದ್ದು, ನೀವು ಛತ್ರಿ ಬಗ್ಗೆ ಎರಡು ಸಲ ಬರೆದ್ರಿ.” ಸಂಪಾದಕರ ದನಿ ಇಳಿಯಿತು. “ಅದಕ್ಕಾದ್ರೂ ಬೇಜಾರಿಲ್ಲ. ಆದ್ರೆ ‘ನಾಳೆ ಅನ್ನೋದು ದಿನ ಅಲ್ಲ, ಸಮಾಧಾನ’ ಅನ್ನೋ ಸಾಲನ್ನ ಅಲ್ಲಿಂದ ಎತ್ತಿ ಇಲ್ಲಿ ನಿಮ್ಮದು ಅಂತ ಹಾಕಿದೀರಲ್ಲ, ಅದಕ್ಕೆ ಬೇಜಾರಾಯ್ತು. ಬೀಗದ್ದೂ ಹಾಗೇ. ಫೋನಿಂದೂ ಹಾಗೇ.”

“ಎತ್ತಿದ್ದಲ್ಲ, ಅದು ನಂದೇ! ಆ ಪುಸ್ತಕವೇ ನಂದು. ಹದಿನಾಲ್ಕೂ ನಾನೇ ಬರೆದದ್ದು!”

“ಹದಿನಾಲ್ಕನೇದೂ?”

“ಹದಿನಾಲ್ಕನೇದೂ.”

ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಪ್ಪತ್ತಾರು ವರ್ಷದಿಂದ ಬರಹಗಾರರ ಜೊತೇಲೇ ಏಗ್ತಾ ಇದೀನಿ ಸಾರ್. ತನಗೆ ಹೇಳೋದಕ್ಕೇನೂ ಇಲ್ಲ ಅಂತ ಬರ್ಕೊಂಡ ಒಬ್ಬ ಬರಹಗಾರನನ್ನ ನಾನು ನೋಡಿಲ್ಲ. ಬೇರೆ ಹದಿಮೂರು ನಿಮ್ಮದು ಅಂದಿದ್ರೆ ನಂಬ್ತಿದ್ನೇನೋ. ಹದಿನಾಲ್ಕನೇದನ್ನ ಬರೆದೋನು ನೀವಲ್ಲ ಅನ್ನೋದಕ್ಕೆ ಹದಿನಾಲ್ಕನೇದೇ ಸಾಕ್ಷಿ.”

“ಕೈಬರಹ ನೋಡಿ! ಪುಸ್ತಕದಲ್ಲಿರೋದು ನನ್ನ ಕೈಬರಹ.”

“ಸರಿ,” ಎಂದು ಸಂಪಾದಕರು ಫೋನಿಗೆ ಕೈ ಹಾಕಿದರು. “ಸೆಕ್ರೆಟರಿಗೆ ಹೇಳಿ ಪುಸ್ತಕ ತರಿಸ್ತೀನಿ. ಕಟ್ಟಡದವರೂ ಇಬ್ಬರು ಮೂವರು ಬರ್ಲಿ. ನಿಮ್ಮ ಕೈಬರಹ ಹೌದೋ ಅಲ್ವೋ ಎಲ್ಲರೂ ನೋಡಿ ಹೇಳ್ಲಿ.”

ಕಾದಂಬರಿಕಾರರಿಗೆ ಸೂಜಿಗೆ ದಾರ ಪೋಣಿಸುತ್ತಿರುವ ಟೈಲರಮ್ಮ ಕಂಡರು. ದೊಡ್ಡಮ್ಮನ ಪಿಸುಮಾತು ಕಿವಿಯಲ್ಲೇ ಕೇಳಿಸಿತು. ಬೀದಿಯಲ್ಲಿ ಮಂಚ, ಮೇಜು, ನಾಲ್ಕು ಕಾದಂಬರಿಗಳ ಮಾರಾಟವಾಗದ ಪ್ರತಿಗಳ ನಡುವೆ ಹೆಂಡತಿ ನಿಂತಿರುವುದು ಕಂಡಿತು. ಅವರ ಕೈ ತಾನಾಗಿಯೇ ಹೋಗಿ ಫೋನನ್ನು ಒತ್ತಿ ಹಿಡಿಯಿತು.

“ಬೇಡ.”

“ನನಗೆ ಗೊತ್ತಿತ್ತು,” ಎಂದು ಸಂಪಾದಕರು ಕನಿಕರದಿಂದ ಹೇಳಿದರು.

ಆಮೇಲೆ ಅವರು ಪತ್ರಿಕೆಯ ಹೆಸರಿದ್ದ ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಕಾದಂಬರಿಕಾರರ ಕೈಗೆ ಕೊಟ್ಟರು. ಈ ಭಾನುವಾರ ಪದಬಂಧ, ಮುಂದಿನ ಭಾನುವಾರದಿಂದ ಅಂಕಣ ಆ ದೂರುಗಾರರದ್ದು. ಒಪ್ಪಿಗೆಯಿದ್ದರೆ ಅವರು ಅದೇ ಪುಸ್ತಕದಲ್ಲಿ ಒಂದು ಸಾಲು ಬರೆದು ತಿಳಿಸಬೇಕು. “ಇದನ್ನ ಪುಸ್ತಕದ ಪಕ್ಕ ಅಂಟಿಸ್ಬಿಡಿ ಸಾರ್. ಹನ್ನೊಂದು ವರ್ಷದ ಸ್ನೇಹಕ್ಕೆ ಅಷ್ಟು ಮಾಡಿ.”

ಕಾದಂಬರಿಕಾರರು ಹಾಳೆ ಹಿಡಿದು ಕಟ್ಟಡಕ್ಕೆ ಮರಳಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ಮೇಷ್ಟ್ರ ಅರ್ಜಿಯ ಮೇಲೆ ಸಭೆ ಸೇರಿತ್ತು. ಪುಸ್ತಕ ಮೊಳೆಯಲ್ಲಿ ನೇತಾಡುತ್ತಿತ್ತು. ಎಲ್ಲರೂ ಅದರ ಸುತ್ತ ನಿಂತಿದ್ದರು. ಕಾರ್ಯದರ್ಶಿಗಳು ಸಂಪಾದಕರ ಹಾಳೆಯನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿ, ತಾವೇ ಅಂಟಿಸಿದರು.

“ಅಂದ್ರೆ ಇವರ ಕೆಲಸ ಹೋಯ್ತಾ?” ಎಂದು ಟೈಲರಮ್ಮ ಕಾದಂಬರಿಕಾರರನ್ನು ಮರುಕದಿಂದ ನೋಡಿದರು. “ನನಗಿಂತ ಪಾಪ ಇವರಿಗೇ ಜಾಸ್ತಿ ಅನ್ಯಾಯ ಆಗಿದೆ.”

“ಬೇಜಾರು ಬಿಡಿ, ಆ ಆಸಾಮಿ ಸಿಕ್ಕಿಬಿದ್ದ ಹಾಗೇ!” ಎಂದರು ಮೇಷ್ಟ್ರು. “ಹೆಸರು ಬರುತ್ತೆ ಅಂದ್ರೆ ಎಂಥವನೂ ಹೊರಗೆ ಬರ್ತಾನೆ. ಇವತ್ತೋ ನಾಳೆನೋ ಈ ಪುಸ್ತಕದಲ್ಲಿ ಒಪ್ಪಿಗೆ ಬರೆಯೋದಕ್ಕೆ ಬಂದೇ ಬರ್ತಾನೆ. ಸರದಿ ಹಾಕ್ಕೊಂಡು ಕಾಯೋಣ.”

ಮೊದಲ ಸರದಿ ಯಾರದೆಂಬ ಪ್ರಶ್ನೆ ಬಂತು. ಟೈಲರಮ್ಮನಿಗೆ ಅಡುಗೆಯಿತ್ತು. ಮೇಷ್ಟ್ರು ಮನೆಗೆ ಬೀಗ ಹಾಕದೆ ಬಂದಿದ್ದರು. ದೊಡ್ಡಮ್ಮ ಕಾರ್ಯದರ್ಶಿಗಳ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಕಾರ್ಯದರ್ಶಿಗಳು ತಲೆಯಾಡಿಸಿ ಅದನ್ನು ಎಲ್ಲರಿಗೂ ತಿಳಿಸಿದರು.

“ಬರಹಗಾರರೇ ಕೂತ್ಕೊಳ್ಳಲಿ ಅಂತಾರೆ. ಈಗ ಅವರಿಗೆ ಬೇರೆ ಕೆಲಸ ಇಲ್ಲವಲ್ಲ. ಮೇಲಾಗಿ ಅವನನ್ನ ಹಿಡಿಯೋ ಆಸೆ ಅವರಿಗಿರೋಷ್ಟು ಇನ್ಯಾರಿಗಿದೆ?”

ಎಲ್ಲರೂ ಒಪ್ಪಿದರು. ವಾಚ್‌ಮನ್ ಕುರ್ಚಿ ತಂದು ಹಾಕಿದ. ಕಾರ್ಯದರ್ಶಿಗಳು ‘ಆರರಿಂದ ಎಂಟು, ಎರಡನೇ ಮಹಡಿ’ ಎಂದು ಬರೆದುಕೊಂಡರು. ಜನ ಮೆಲ್ಲನೆ ತಂತಮ್ಮ ಮನೆಗಳಿಗೆ ಹೋದರು. ಕಾದಂಬರಿಕಾರರು ಕೂತರು. ಪುಸ್ತಕ ಎರಡಡಿ ದೂರದಲ್ಲಿತ್ತು. ಪೆನ್ನು ಜೇಬಿನಲ್ಲಿತ್ತು. ಬರೆಯಬೇಕಾದದ್ದು ಒಂದೇ ಸಾಲು. ಬರೆದರೆ, ನಿಮ್ಮ ಸರದಿಯಲ್ಲಿ ಬಂದವನು ಯಾರೆಂದು ಎಲ್ಲರೂ ಕೇಳುತ್ತಾರೆ.

ಎಂಟಕ್ಕೆ ಕಾರ್ಯದರ್ಶಿಗಳು ಇಳಿದು ಬಂದು ಏನಾಯಿತೆಂದು ಕೇಳಿದರು. ಯಾರೂ ಬರಲಿಲ್ಲ ಎಂದು ಕಾದಂಬರಿಕಾರರು ಹೇಳಿದರು.